ವಜನದ ಪೆಟ್ಟಿಗೆ

ನಮ್ಮ ನರೋಣಾದ ದೌಲತರಾಯನಿಗೆ ದೇವರು ಕಿವಿ ಕೊಟ್ಟಿದ್ದು ಟೊಪ್ಪಿಗೆ ಜಾರದಿರಲಿ ಎಂದು ಮಾತ್ರ. ಯಾವ ವಸ್ತುವನ್ನಾದರೂ ಅವನು ಅರಿಯುತ್ತಿದ್ದುದು ಕೈಯಿಂದ. ಎತ್ತಿ ನೋಡುವುದು, ಭಾರವಿದ್ದರೆ ತಲೆಯಾಡಿಸುವುದು, ಹಗುರವಿದ್ದರೆ ಮೂಗು ಮುರಿಯುವುದು. ಹಿತ್ತಾಳೆ ಕೊಡ ಕೊಳ್ಳುವವರಿಗೆ ಇದು ಸರಿಯೇ. ನಮ್ಮ ಕಡೆ ಮದುವೆಯಲ್ಲಿ ಆಯೇರಿ ಬಂದ ಉಡುಗೊರೆ ಪಾತ್ರೆಯನ್ನು ಹೆಂಗಸರು ಮೊದಲು ಕೈಯಲ್ಲಿ ತೂಗಿ, ಆಮೇಲೆ ಕೊಟ್ಟವರ ಮುಖ ನೋಡುತ್ತಾರೆ. ಆದರೆ ಈ ಪುಣ್ಯಾತ್ಮ ಮಠಕ್ಕೆ ಪುರಾಣದ ಪುಸ್ತಕವನ್ನೂ ತೂಗಿಯೇ ತಂದ. ಬಿಚ್ಚಿ ನೋಡಿದರೆ ಅದರಲ್ಲಿ ಅವೇ ಹಾಳೆಗಳನ್ನು ಎರಡೆರಡು ಸಲ ಸೇರಿಸಿ ಹೊಲಿದಿದ್ದರು. ಓದುವವರು ಹೇಳಿದಾಗ, ‘ಹೆಚ್ಚಿಗಿ ಬಂದದಲ್ಲ, ಕಡಿಮಿ ಏನ್ ಬಂದಿಲ್ಲಲ್ಲ?’ ಅಂದ.

ಇಂಥವನು ನಮ್ಮ ಭಜನಾ ಮೇಳದ ಯಜಮಾನ. ಹಾಡಲು ಬರದು, ತಾಳ ಹಿಡಿದರೆ ಅದು ಒಂದು ದಾರಿ, ಇವನು ಒಂದು ದಾರಿ. ಆದರೆ ಜಮಖಾನೆ ಅವನದು, ಚಹಾ ಅವನದು, ಬಸ್ ಚಾರ್ಜು ಅವನದು. ಹಾಗಾಗಿ ಸಂಗೀತವೂ ಅವನದೇ ಆಯಿತು. ನಾನು ಹಾರ್ಮೋನಿಯಂ ನುಡಿಸುತ್ತಿದ್ದೆ. ತಬಲಾದ ಎಡಗೈ ಜೋಡಿಯಾದ ಡಗ್ಗಾ ಬಾರಿಸುತ್ತಿದ್ದವನು ಮಲ್ಕಪ್ಪ.

ಮಲ್ಕಪ್ಪ ಹಗಲೆಲ್ಲ ದೌಲತರಾಯನ ಹೊಲದಲ್ಲಿ ದುಡಿಯುವ ಆಳು. ಅವನಿಗೆ ತನ್ನದೆಂದು ಇದ್ದದ್ದು ಎಡಗೈ ಒಂದೇ. ಡಗ್ಗಾದ ಚರ್ಮದ ಮೇಲೆ ಅಂಗೈ ಒತ್ತಿ ಜಾರಿಸಿ ಅವನು ಘುಮ್ಮೆನಿಸಿದರೆ ಕೇಳುವವರ ಹೊಟ್ಟೆಯೊಳಗೆ ಬಿಸಿ ಹಾಲು ಇಳಿದ ಹಾಗಾಗುತ್ತಿತ್ತು. ಹಗಲು ಅವನನ್ನು ‘ಮಲ್ಕ್ಯಾ’ ಎಂದು ಕೂಗುವ ಊರೇ ಭಜನೆಗೆ ಕೂತಾಗ ‘ಮಲ್ಕಪ್ಪ, ಆಗಲಿ’ ಎನ್ನುತ್ತಿತ್ತು. ಆ ಮರ್ಯಾದೆ ಪೂರ್ತಿಯಾಗಿ ಆ ಕೈಯದು. ಅದು ಹೋದರೆ ಅವನು ಮತ್ತೆ ಬರೀ ಮಲ್ಕ್ಯಾ.

ಎಂಬತ್ತೈದರ ಸುಮಾರಿಗೆ ಮೈಕು ಎಲ್ಲ ಊರಿಗೂ ಬಂತು. ಬೇವಿನ ಮರಕ್ಕೆ ಕಟ್ಟಿದ ಭೋಂಗಾ ಸ್ಪೀಕರಿನಲ್ಲಿ ತಾಳದ ಸದ್ದು ಕಿವಿ ಸೀಳುತ್ತಿತ್ತು. ಡಗ್ಗಾ ಮಾತ್ರ ಅದರೊಳಗೆ ಹೊಕ್ಕು ಎಲ್ಲೋ ಸತ್ತುಹೋಗುತ್ತಿತ್ತು. ಅಷ್ಟರಲ್ಲಿ ಹಿರೋಳ್ಳಿಯ ಮೇಳದವರು ಘತ್ತರಗಿಯ ಅಮಾಸಿ ಭಜನೆಗೆ ಒಂದು ಬೇಸ್ ಪೆಟ್ಟಿಗೆ ತಂದರು. ಕೆಳದನಿಯನ್ನೇ ಎತ್ತಿ ಕೇಳಿಸುವ, ಸ್ಪೀಕರೂ ಅದರಲ್ಲೇ ಕೂತ ಆಂಪ್ಲಿಫೈಯರ್. ಅವರ ಡಗ್ಗಾ ನದಿಯ ದಂಡೆಯವರೆಗೂ ಕೇಳಿತು. ಸಂಗೀತದ ಹಸಿವಿಲ್ಲದಿದ್ದರೂ ಹೊಟ್ಟೆಕಿಚ್ಚಿಗೆ ದೌಲತರಾಯನಲ್ಲಿ ಬರವಿರಲಿಲ್ಲ. ಮರುವಾರವೇ ನನ್ನನ್ನೂ ಮಲ್ಕಪ್ಪನನ್ನೂ ಕಟ್ಟಿಕೊಂಡು ಸೊಲ್ಲಾಪುರದ ಬಸ್ ಹತ್ತಿದ.

ಅಂಗಡಿಯಲ್ಲಿ ಒಂದು ಹಳೆಯ ಪೆಟ್ಟಿಗೆ ಇತ್ತು. ಯಾವುದೋ ಮುಳುಗಿದ ಆರ್ಕೆಸ್ಟ್ರಾದವರು ಬೇಸ್ ಗಿಟಾರಿಗೆ ಇಟ್ಟುಕೊಂಡಿದ್ದದ್ದಂತೆ. ಮುಂದಿನ ಬಟ್ಟೆಯಲ್ಲಿ ಬೀಡಿ ಸುಟ್ಟ ತೂತು. ಮಲ್ಕಪ್ಪ ಡಗ್ಗಾದ ಮುಂದೆ ಮೈಕು ಇಟ್ಟು ಒಮ್ಮೆ ಅಂಗೈ ಜಾರಿಸಿದ. ಅವನ ಕೈಯ ಬಿಸಿಯೇ ಆ ಪೆಟ್ಟಿಗೆಯಿಂದ ಹೊರಗೆ ಬಂತು. ನಾನು ಸುಮ್ಮನೆ ಕಣ್ಣು ಮುಚ್ಚಿದೆ.

‘ಸಾವ್ಕಾರ್ರೆ, ಇದ ಸಾಕ್ರಿ,’ ಅಂದ ಮಲ್ಕಪ್ಪ. ‘ಹ್ಯಾಂಗ ಒಳಗಿಂದ ಬರಾಕತ್ತದ ನೋಡ್ರಿ ಆವಾಜ್. ಬಗಲಾಗ ಹಿಡಕೊಂಡು ಹೋಗಬಹುದು.’

ದೌಲತರಾಯ ಅದನ್ನು ಒಂದೇ ಕೈಯಲ್ಲಿ ಎತ್ತಿದ. ಅಷ್ಟು ಸುಲಭವಾಗಿ ಎದ್ದದ್ದೇ ಅದರ ತಪ್ಪಾಯಿತು.

‘ಏನಲೇ ಇದು, ಕಣಕಿ ಪೆಂಡಿ ಎತ್ತಿದಂಗ ಆಗ್ತದ! ವಜನ ಇಲ್ಲದ್ದರಾಗ ಆವಾಜ್ ಎಲ್ಲಿಂದ ಬರ್ತದ?’

‘ಈಗ ಬಂತಲ್ರಿ?’

‘ಅಂಗಡ್ಯಾಗ ಬರ್ತದ. ಊರಾಗ ಬರಂಗಿಲ್ಲ.’

ಅಂಗಡಿಯವನು ಗಿರಾಕಿಯನ್ನು ಮೇಲಿಂದ ಕೆಳಗೆ ನೋಡಿದ. ಮೂರ್ಖನನ್ನು ಗುರುತಿಸಲು ಅವನಿಗೆ ತಕ್ಕಡಿ ಬೇಕಿರಲಿಲ್ಲ. ‘ನೀವು ತಿಳಿದವ್ರು, ಸಾಹೇಬ್ರ. ಇದ್ರಾಗ ಭಾರಿ ಮಾಡೆಲ್ ಅದ, ಗೋಡೌನ್‌ದಾಗ. ಸಾವಕಾಶ ಊಟ ಮಾಡ್ಕೊಂಡು ಬರ್ರಿ,’ ಅಂದ.

ಊಟ ಮಾಡಿಕೊಂಡು ಬಂದೆವು. ಅಷ್ಟೇ ಗಾತ್ರದ ಪೆಟ್ಟಿಗೆ, ಮುಂದೆ ಹೊಸ ಕರಿ ಬಟ್ಟೆ. ದೌಲತರಾಯ ಎರಡೂ ಕೈ ಹಚ್ಚಿ ಎತ್ತಿದ, ಕುತ್ತಿಗೆಯ ನರ ಉಬ್ಬಿತು, ಮುಖ ಅರಳಿತು. ಬಾರಿಸಿ ನೋಡೋಣ ಎಂದರೆ, ‘ಎತ್ತಿದ ಕೂಡ್ಲೆ ತಿಳೀತದ, ಬಾರ್ಸೋದೇನದ?’ ಅಂದ. ಆದರೂ ಮಲ್ಕಪ್ಪ ಒಮ್ಮೆ ಬಾರಿಸಿದ.

‘ಆವಾಜ್ ಅದೇ ಆವಾಜ್ರಿ, ಏನೂ ಫರಕ್ ಇಲ್ಲ.’

‘ಹತ್ತಿಗೂ ಕಬ್ಬಿಣಕ್ಕೂ ಫರಕ್ ತಿಳೀದ ಕತ್ತೆ ನೀ. ಹೊರು.’

ಅವತ್ತು ಹೊತ್ತವನು ಇಳಿಸಲಿಲ್ಲ. ಡಗ್ಗಾದ ಸಲುವಾಗಿ ತಂದ ಪೆಟ್ಟಿಗೆಯನ್ನು ಡಗ್ಗಾದವನೇ ಹೊರಬೇಕು ಎಂಬುದು ದೌಲತರಾಯ ಮಾಡಿದ ಕಾನೂನು. ನಾವು ಯಾರಾದರೂ ಒಂದು ತುದಿ ಹಿಡಿದರೆ, ‘ನಿಮ್ಮ ನಿಮ್ಮ ಸಾಮಾನ ನೀವು ನೋಡ್ಕೋರಿ’ ಎಂದು ಗದರುತ್ತಿದ್ದ. ಆಳಂದ, ಅಫಜಲಪುರ, ಒಮ್ಮೊಮ್ಮೆ ಜೇವರ್ಗಿಯ ಆಚೆಯ ಹಳ್ಳಿಗಳು. ಎಲ್ಲಿ ಬಸ್ ನಿಂತರೂ ಮಲ್ಕಪ್ಪ ಏಣಿ ಹತ್ತಿ ಪೆಟ್ಟಿಗೆ ಇಳಿಸಿ ತಲೆಗಿಟ್ಟುಕೊಳ್ಳುತ್ತಿದ್ದ. ಬಲಗೈಯಲ್ಲಿ ಡಗ್ಗಾದ ಚೀಲ, ಮೇಲೆತ್ತಿದ ಎಡಗೈಯಲ್ಲಿ ಪೆಟ್ಟಿಗೆ. ಹಿಂದಿನಿಂದ ದೌಲತರಾಯ ಬರಿಗೈಯಲ್ಲಿ ನಡೆಯುತ್ತ, ಹಾದಿಯಲ್ಲಿ ಸಿಕ್ಕವರಿಗೆ, ‘ಒಬ್ಬರ ಕೈಲೆ ಏಳಂಗಿಲ್ಲ ಅದು’ ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಒಬ್ಬನೇ ಹೊತ್ತು ಮುಂದೆ ಹೋಗುತ್ತಿರುವುದು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೊದಮೊದಲು ಮಲ್ಕಪ್ಪನ ಎಡಗೈ ಜೋಮು ಹಿಡಿಯುತ್ತಿತ್ತು. ಭಜನೆಗೆ ಮುಂಚೆ ತಿಕ್ಕಿ ತಿಕ್ಕಿ ಎಬ್ಬಿಸುತ್ತಿದ್ದ. ವರುಷಗಳು ಕಳೆದಂತೆ ಕುತ್ತಿಗೆ ಒಂದು ಕಡೆ ವಾಲಿತು, ಬೆರಳು ನಡುಗತೊಡಗಿದವು. ಅಂಗೈ ಜಾರಿಸಿದರೆ ಘುಮ್ಮೆನ್ನುವ ಬದಲು ಸದ್ದು ನಡುವೆಯೇ ಒಡೆಯುತ್ತಿತ್ತು. ಅವನ ಹೆಂಡತಿ ಮಾಳಮ್ಮ ದೌಲತರಾಯನ ಅಂಗಳಕ್ಕೇ ಹೋಗಿ ನಿಂತಳು.

‘ಸಾವ್ಕಾರ್ರೆ, ರಾತ್ರಿ ರೊಟ್ಟಿ ಮುರೀಲಿಕ್ಕೆ ಕೈ ಏಳವಲ್ದು ಅವನ್ದು. ಆ ಪೆಟ್ಟಿಗಿ ಗಾಡ್ಯಾಗ ಹಾಕಿ ಕಳಸ್ರಿ.’

‘ಗಾಡ್ಯಾಗ ಹೋದ್ರ ಮಂದಿ ನೋಡೋದು ಹ್ಯಾಂಗವ್ವಾ?’ ಅಂದ ಮಹಾರಾಯ.

ಕೊನೆಗೆ ಮಾತಾಡಿದ್ದು ಪೆಟ್ಟಿಗೆಯೇ. ಒಂದು ಮಳೆಗಾಲ ಬಸ್ಸಿನ ಮೇಲೆ ನೆನೆದು ಅದರ ತಳದ ಹಲಗೆ ಮೆತ್ತಗಾಗಿತ್ತು. ಘತ್ತರಗಿಗೆ ಹೊರಟ ದಿನ ನರೋಣಾದ ಬಸ್ ನಿಲ್ದಾಣದಲ್ಲಿ ಮಲ್ಕಪ್ಪ ಅದನ್ನು ಎತ್ತುತ್ತಿದ್ದ ಹಾಗೆಯೇ ಹಲಗೆ ಕಿತ್ತು, ಒಂದು ಶಹಾಬಾದ ಕಲ್ಲು ಧಡ್ಡೆಂದು ದೌಲತರಾಯನ ಕಾಲಿನ ಹತ್ತಿರ ಬಿತ್ತು. ಅಳತೆಗೆ ಕೊಯ್ದು, ನಾಲ್ಕು ಮೂಲೆಗೆ ಪಟ್ಟಿ ಬಡಿದು ಕೂಡಿಸಿದ್ದ ಕಲ್ಲು. ಜಗ್ಗಾಟದಲ್ಲಿ ಮುಂದಿನ ಕರಿ ಬಟ್ಟೆಯೂ ಹರಿದು ಜೋತುಬಿತ್ತು. ಒಳಗೆ ಹಳೆಯ ಬಟ್ಟೆ, ಅದರಲ್ಲಿ ಬೀಡಿ ಸುಟ್ಟ ಅದೇ ತೂತು.

ಮಲ್ಕಪ್ಪ ಆ ತೂತಿಗೆ ಬೆರಳು ಹಾಕಿ ನೋಡಿದ. ತಾನು ಅವತ್ತು ಬಗಲಲ್ಲಿ ಹಿಡಿದು ಹೋಗುತ್ತೇನೆಂದಿದ್ದ ಪೆಟ್ಟಿಗೆಯನ್ನೇ ಇಷ್ಟು ವರುಷ ತಲೆಯ ಮೇಲೆ ಹೊತ್ತಿದ್ದ. ನನಗಂತೂ ಆ ಕಲ್ಲನ್ನು ಎತ್ತಿ ದೌಲತರಾಯನ ತಲೆಗೇ ಕಟ್ಟಬೇಕೆನ್ನಿಸಿತು. ಬುತ್ತಿ ಕೊಡಲು ಬಂದಿದ್ದ ಮಾಳಮ್ಮ ಕಲ್ಲನ್ನು ಸೊಂಟಕ್ಕೆ ಆನಿಸಿಕೊಂಡು ಮನೆಯ ಕಡೆ ನಡೆದಳು.

ಅವತ್ತು ಘತ್ತರಗಿಯಲ್ಲಿ ತಳಕ್ಕೆ ಹಗ್ಗ ಬಿಗಿದ ಆ ಪೆಟ್ಟಿಗೆ ಸೊಲ್ಲಾಪುರದ ಅಂಗಡಿಯಲ್ಲಿ ಹೇಗೆ ನುಡಿದಿತ್ತೋ ಹಾಗೆಯೇ ನುಡಿಯಿತು. ತನ್ನ ಮುಂದಿದ್ದುದನ್ನು ಅದು ಬಿಡದೆ ಕೇಳಿಸಿತು. ಮುಂದಿದ್ದುದು ಮಲ್ಕಪ್ಪನ ನಡುಗುವ ಕೈ. ಒಡೆದ ಒಂದೊಂದು ಪೆಟ್ಟೂ ಬೆಚ್ಚಗೆ, ದೊಡ್ಡದಾಗಿ, ನದಿಯ ದಂಡೆಯವರೆಗೆ ಹೋಯಿತು. ಅವನು ತಲೆ ತಗ್ಗಿಸಿ ಬಾರಿಸಿದ.

ದೌಲತರಾಯ ತೊಡೆ ತಟ್ಟಿದ. ‘ನೋಡಿದ್ರ್ಯಾ? ಕಲ್ಲ ಹೋದ ಕೂಡ್ಲೆ ಆವಾಜಿನ ವಜನ ಹೋತು!’ ಅವನ ಚಹಾ ಕುಡಿದವರೆಲ್ಲ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದರು. ತೂ, ಅವರ ಜನ್ಮಕ್ಕಿಷ್ಟು.

ಊರಿಗೆ ಬಂದ ಮೇಲೆ ಕಲ್ಲು ತರಲು ದೌಲತರಾಯ ಮಾಳಮ್ಮನ ಮನೆಗೆ ಆಳು ಕಳಿಸಿದ. ಅವಳು ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡು ಬಚ್ಚಲ ಬಾಗಿಲಲ್ಲೇ ನಿಂತು ಹೇಳಿ ಕಳಿಸಿದಳು: ‘ಅದರ ಮ್ಯಾಲೆ ಅರಬಿ ಒಗ್ಯಾಕತ್ತೇನಿ ಅಂತ ಹೇಳು. ನಿಮ್ಮ ಸಾವ್ಕಾರ್ರ ಧೋತ್ರ ಇದ್ರ ಕಳಸಂತ ಹೇಳು, ಸೀಳೂ ತನಕ ಬಡೀತೇನಿ.’

ನಮ್ಮ ಕಡೆ ಕಲ್ಲಿಗೇನು ಬರ? ದೌಲತರಾಯ ಹೊಸದೊಂದು ಕಲ್ಲು ಕೊಯ್ಯಿಸಿ, ಹಳೆಯದಕ್ಕಿಂತ ಒಂದು ಬೆರಳು ದಪ್ಪನೆಯದು, ಹೊಸ ಹಲಗೆಯ ಮೇಲೆ ಕೂಡಿಸಿದ. ಮಲ್ಕಪ್ಪನಿಗೆ ಕೈ ಬಿದ್ದುಹೋಗಿದೆ ಎಂದು ಬೇರೆ ಡಗ್ಗಾದವನನ್ನು ಹುಡುಕಿದ. ಹಿರೋಳ್ಳಿಯ ಕಡೆಯಿಂದ ಗಟ್ಟಿಮುಟ್ಟಾದ ಒಬ್ಬ ಬಂದ, ಡಗ್ಗಾ ಬಿಚ್ಚಿ ಪೌಡರ್ ಹಚ್ಚಿಕೊಂಡು ಕೂತ. ಮೇಳವೆಲ್ಲ ಸೇರಿತ್ತು. ಮಲ್ಕಪ್ಪನೂ ಬಂದು ಕಂಬಕ್ಕೆ ಒರಗಿ ನಿಂತಿದ್ದ, ಹೊಸಬನ ಕೈ ಹೇಗಿದೆಯೋ ಕೇಳೋಣವೆಂದು.

‘ಡಗ್ಗಾ ಬಾಜೂಕ್ಕಿಡು,’ ಅಂದ ದೌಲತರಾಯ. ‘ಮೊದ್ಲು ಆ ಪೆಟ್ಟಿಗಿ ಎತ್ತು.’

ಬಂದವನು ಎದ್ದು, ಒಂದು ಉಸಿರು ಎಳೆದು, ಪೆಟ್ಟಿಗೆಯನ್ನು ತಲೆಗೇರಿಸಿ, ಎಡಗೈ ಆಧಾರ ಕೊಟ್ಟು ಅಂಗಳದಲ್ಲಿ ಒಂದು ಸುತ್ತು ಬಂದ. ದೌಲತರಾಯ ನಮ್ಮ ಕಡೆ ತಿರುಗಿ ಮೀಸೆ ತಿರುವಿದ.

‘ಛಲೋ ಬಾರಿಸ್ತಾನ,’ ಅಂದ.