ಐಸ್ ಕ್ಯಾಂಡಿ ಯಂತ್ರಕ್ಕೆ ಸೂಲಗಿತ್ತಿ ಬಂದ ದಿನ

ಆ ಯಂತ್ರಕ್ಕೆ ನಾನು ಕೊಟ್ಟದ್ದು ಮೂರು ಸಾವಿರದ ಇನ್ನೂರು ರೂಪಾಯಿ. ಮಂಗಳೂರಿನ ಮಾಲಿಕ ಕೇಳಿದ್ದು ನಾಲ್ಕು ಸಾವಿರ. ಎರಡು ಮಳೆಗಾಲ ಮೂಲೆಯಲ್ಲಿ ಬಿದ್ದಿತ್ತು. ಬಿಚ್ಚಿಟ್ಟ ಕೊಳವೆಗಳ ಬಾಯಿಗೆ ಒಂದು ಬಿರಡೆ ಕೂಡ ಇರಲಿಲ್ಲ. ಅದನ್ನೇ ಬೆರಳಿಟ್ಟು ತೋರಿಸಿ ಎಂಟುನೂರು ಇಳಿಸಿದೆ. ದೋಷ ಕಂಡರೆ ಬೆಲೆ ಇಳಿಸಬೇಕು ಎಂದಷ್ಟೇ ಆಗ ನನಗೆ ಗೊತ್ತಿತ್ತು. ಆ ದೋಷವೂ ಸಾಮಾನಿನ ಜೊತೆ ಲಾರಿ ಹತ್ತಿ ಬರುತ್ತದೆ ಎಂದು ಹೊಳೆಯಲಿಲ್ಲ.

ನಾನು ಸೈಕಲಿನಲ್ಲಿ ಸೋಡಾ ಮಾರಿ ಮೇಲೆ ಬಂದವನು. ನಮ್ಮ ಕಡೆ ದನ ಹಾಲು ಕಡಿಮೆ ಕೊಟ್ಟರೂ ದೈವಕ್ಕೆ ಹೇಳಿಕೊಳ್ಳುವವರು ಉಂಟು. ನಾನು ಅಂಥವರಿಗೆ, ಮೊದಲು ಹಿಂಡಿ ಹಾಕಿ ನೋಡಿ ಎನ್ನುತ್ತಿದ್ದೆ. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಅರವತ್ತರ ದಶಕದ ಆ ಒಂದು ದಿನ ಮಾತ್ರ ಇಂದಿಗೂ ನನ್ನ ತಲೆಗೆ ಹತ್ತಿಲ್ಲ. ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮ್ಮ ಇಷ್ಟ.

ಯಂತ್ರವನ್ನು ಬಂಟ್ವಾಳ ಪೇಟೆಯ ನನ್ನ ಅಂಗಡಿಯ ಹಿಂದೆ ನಿಲ್ಲಿಸಿದೆ. ಅದರ ಸಂಗತಿ ಸರಳ. ಒಂದು ತೊಟ್ಟಿ ತುಂಬ ಉಪ್ಪುನೀರು, ಅದರೊಳಗೆ ಗ್ಯಾಸ್ ಓಡುವ ಕೊಳವೆ. ಗ್ಯಾಸ್ ಒಂದು ಹಿತ್ತಾಳೆ ವಾಲ್ವಿನ ಸೂಜಿಗಣ್ಣಿನಷ್ಟು ತೂತಿನಿಂದ ಹಾಯುವಾಗ ತಣ್ಣಗಾಗುತ್ತದೆ, ಉಪ್ಪುನೀರು ಕೊರೆಯುತ್ತದೆ, ಅದರಲ್ಲಿ ಮುಳುಗಿಸಿದ ಅಚ್ಚುಗಳಲ್ಲಿ ಶರಬತ್ತು ಕ್ಯಾಂಡಿಯಾಗುತ್ತದೆ. ಕೂರಿಸಿಕೊಟ್ಟವರು ಮಂಗಳೂರಿನ ಮೆಕ್ಯಾನಿಕ್. ಕ್ರಿಶ್ಚಿಯನ್ ಹಿರಿಯರನ್ನು ನಮ್ಮಲ್ಲಿ ಪೊರ್ಬುಗಳು ಎನ್ನುವುದು ವಾಡಿಕೆ, ನಾವೂ ಅವರನ್ನು ಹಾಗೆಯೇ ಕರೆಯುತ್ತಿದ್ದೆವು. ಗ್ಯಾಸ್ ತುಂಬುವ ಮೊದಲು ಒಂದು ಪಂಪು ಬಾಡಿಗೆಗೆ ತಂದು, ಇಡೀ ದಿನ ಓಡಿಸಿ, ಕೊಳವೆಯೊಳಗಿನ ಗಾಳಿಯನ್ನೂ ನೀರಿನ ಪಸೆಯನ್ನೂ ಎಳೆದು ತೆಗೆಯಬೇಕೆಂದು ಅವರು ಹೇಳಿದ್ದರು. ಪಂಪಿನ ಬಾಡಿಗೆ ಗಂಟೆಯ ಲೆಕ್ಕ. ನಾನು ಎರಡು ಗಂಟೆ ಓಡಿಸಿ ವಾಪಸು ಕೊಟ್ಟೆ, ಇಡೀ ದಿನ ಓಡಿಸಿದೆ ಎಂದೆ. ಯಂತ್ರ ಓಡಿತು, ಕ್ಯಾಂಡಿ ಬಂತು, ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಏಪ್ರಿಲಿನಲ್ಲಿ ಬೆಳ್ತಂಗಡಿ ಕಡೆಯ ಶೆಟ್ರೊಬ್ಬರು ಬಂದರು. ಮಗಳ ಮದುವೆ, ಗಂಡಿನ ಕಡೆಯವರು ಮೂಡಬಿದ್ರೆಯವರು. "ಅವರು ಎಲ್ಲ ನೋಡಿದವರಂತೆ ಮಾರಾಯ. ಮದುವೆ ಊಟದಲ್ಲಿ ಐಸ್ ಕ್ಯಾಂಡಿ ನೋಡಿರಲಿಕ್ಕಿಲ್ಲ. ಆರುನೂರು ಬೇಕು" ಎಂದರು. ನಾನು ಎದೆ ತಟ್ಟಿ ಒಪ್ಪಿದೆ. ಕ್ಯಾಂಡಿ ಹೋಗದಿದ್ದರೆ ಬೀಗರ ಎದುರು ಶೆಟ್ರ ಮುಖ ಹೋಗುತ್ತಿತ್ತು. ಆಮೇಲೆ ಬಂಟ್ವಾಳದಿಂದ ಚಾರ್ಮಾಡಿಯವರೆಗೆ ನನ್ನ ಹತ್ತಿರ ಒಂದು ಸೋಡಾ ಕೂಡ ಯಾರೂ ಕೊಳ್ಳುತ್ತಿರಲಿಲ್ಲ.

ಮದುವೆಗೆ ಎರಡು ದಿನ ಇರುವಾಗ ಯಂತ್ರ ಮುಷ್ಕರ ಹೂಡಿತು. ಮೋಟಾರು ಓಡುತ್ತದೆ, ಉಪ್ಪುನೀರು ತಣ್ಣಗಾಗುವುದಿಲ್ಲ. ಮರುದಿನ ಬೆಳಿಗ್ಗೆಯೇ ಪೊರ್ಬುಗಳು ಬಂದರು. ಬೆಲ್ಟು ನೋಡಿದರು, ಜೋಡಣೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿದರು. ಒಂದು ಗುಳ್ಳೆಯೂ ಏಳಲಿಲ್ಲ. ಅಂದರೆ ಗ್ಯಾಸ್ ಸೋರಿಲ್ಲ. ಬಿಳಿ ಹಿಮ ಕಟ್ಟಬೇಕಾದ ಕೊಳವೆ ಬೋಳಾಗಿತ್ತು. ಒಂದು ಗಂಟೆ ನಿಲ್ಲಿಸಿ ಚಾಲೂ ಮಾಡಿದರೆ ಹತ್ತು ನಿಮಿಷ ಸರಿ, ಮತ್ತೆ ಅದೇ ಕತೆ.

"ಒಳಗೆ ನೀರಿನ ಪಸೆ ಉಳಿದರೆ ಹೀಗಾಗುವುದುಂಟು," ಎಂದರು. "ಪಂಪು ಇಡೀ ದಿನ ಓಡಿಸಿದ್ದೀರಲ್ಲ?"

"ಓಡಿಸಿದ್ದೇನೆ ಪೊರ್ಬುಗಳೇ."

"ಹಾಗಾದರೆ ಅದಲ್ಲ. ಕಂಪ್ರೆಸರ್ ಬಿಚ್ಚಬೇಕು. ಎರಡು ದಿನ ಬೇಕು."

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಸಣ್ಣ ಸುಳ್ಳನ್ನು ವಾಪಸು ಪಡೆಯುವುದು ದೊಡ್ಡ ಸಾಲ ತೀರಿಸುವುದಕ್ಕಿಂತ ಕಷ್ಟ.

ಅವರು ಸ್ಪ್ಯಾನರ್ ತೆಗೆಯುತ್ತಿದ್ದಾಗ ಕೊಕ್ಕಡದ ಕಮಲಕ್ಕ ಒಳಗೆ ಬಂದಳು, ಕಂಕುಳಲ್ಲಿ ಗಂಟು. ನಾನು ಹುಟ್ಟಿದ್ದು ಅವಳ ಕೈಯಲ್ಲಿ, ಹಾಗಾಗಿ ಅವಳಿಗೆ ನಾನು ಮಗ. ನನ್ನ ತಾಯಿಯ ಊರಿನ ಸುತ್ತಿನಲ್ಲೆಲ್ಲ ಅವಳೇ ಸೂಲಗಿತ್ತಿ.

"ಎಲ್ಲಿ ಹುಡುಗಿ? ನೋವು ಯಾವಾಗಿನಿಂದ?" ಎಂದಳು.

ನನ್ನ ಹೆಂಡತಿ ಶರಬತ್ತಿನ ಪಾತ್ರೆ ಹಿಡಿದು ನಿಂತವಳು ಕಕ್ಕಾಬಿಕ್ಕಿಯಾದಳು. "ಯಾರಿಗೆ ಕಮಲಕ್ಕ? ನಮ್ಮಲ್ಲಿ ಯಾರೂ ಬಸುರಿ ಇಲ್ಲ."

"ಮತ್ತೆ ನಸುಕಿಗೇ ಜನ ಕಳಿಸಿದ್ದು ತಮಾಷೆಗಾ? ಬಂಟ್ವಾಳದಲ್ಲಿ ನಿನ್ನ ಮಗನ ಅಂಗಡಿಯಲ್ಲಿ ಕಷ್ಟ ಉಂಟು, ಬಾ ಅಂದ. ಮೊದಲ ಬಸ್ಸಿಗೇ ಹೊರಟೆ."

ನಾವು ಯಾರನ್ನೂ ಕಳಿಸಿರಲಿಲ್ಲ. ಕರೆದವನು ಯಾರು ಎಂದರೆ ಅವಳಿಗೂ ಗೊತ್ತಿಲ್ಲ. ಬಾಗಿಲಿಗೆ ಬಂದು ಕರೆದವನ ಹೆಸರು ಊರು ಕೇಳಿ ಹೊತ್ತು ಕಳೆಯಬಾರದು, ಗಂಟು ತೆಗೆದುಕೊಂಡು ನಡೆಯಬೇಕು. ಅದು ಅವಳ ಅತ್ತೆ ಕಲಿಸಿದ ಕಟ್ಟಳೆ.

ಪೊರ್ಬುಗಳಿಗೆ ನಗು ತಡೆಯಲಿಲ್ಲ. "ಬಂದದ್ದು ಒಳ್ಳೆಯದೇ ಆಯಿತು ಅಮ್ಮ. ಹೆರಲಾರದೆ ಕೂತವಳು ಇಲ್ಲಿದ್ದಾಳೆ" ಎಂದು ಯಂತ್ರ ತೋರಿಸಿದರು.

ಕಮಲಕ್ಕ ನಗಲಿಲ್ಲ. ಕರೆಂಟು ಇಲ್ಲದ ಮನೆಯಿಂದ ಬಂದ ಹೆಂಗಸು, ಮೋಟಾರನ್ನು ಹತ್ತಿರದಿಂದ ಕಂಡದ್ದೇ ಮೊದಲ ಸಲ. ಸೆರಗಿಗೆ ಕೈ ಒರೆಸಿಕೊಂಡು, ಅಂಗೈಯನ್ನು ಕೊಳವೆಯ ಮೇಲೆ ಒಂದು ತುದಿಯಿಂದ ಜಾರಿಸುತ್ತ ಬಂದಳು. ಹಿತ್ತಾಳೆ ವಾಲ್ವಿನ ಮೇಲೆ ಕೈ ನಿಂತಿತು.

"ಇಲ್ಲಿ ಕಟ್ಟಿದೆ. ಒಳಗೆ ನೀರು ಉಳಿದಿದೆ. ಇದನ್ನು ಸರಿಯಾಗಿ ಒಣಗಿಸಲಿಲ್ಲ ಯಾಕೆ?"

ಕೇಳಿದ್ದು ಪೊರ್ಬುಗಳನ್ನಲ್ಲ, ನನ್ನನ್ನು. ನನ್ನ ಬಾಯಿಂದ ಸತ್ಯ ತಾನಾಗಿ ಬಿತ್ತು. "ಎರಡೇ ಗಂಟೆ ಓಡಿಸಿದ್ದು."

"ನಾಲ್ಕು ಕಾಸು ಉಳಿಸಲಿಕ್ಕೆ ನನ್ನಿಂದ ಕಂಪ್ರೆಸರ್ ಬಿಚ್ಚಿಸಲು ಹೊರಟಿದ್ದೀರಲ್ಲ ಸಾಹುಕಾರ್ರೇ!" ಎಂದು ಪೊರ್ಬುಗಳು ಸ್ಪ್ಯಾನರ್ ನೆಲಕ್ಕೆ ಹಾಕಿದರು. ಉಳಿದ ಪಸೆ ವಾಲ್ವಿನ ತೂತಿನಲ್ಲೇ ಮಂಜುಗಡ್ಡೆಯ ಕಾಳಾಗಿ ಕೂತಿತ್ತು. ನಿಲ್ಲಿಸಿದರೆ ಕರಗುತ್ತದೆ, ಓಡಿಸಿದರೆ ಮತ್ತೆ ಗಟ್ಟಿಯಾಗುತ್ತದೆ.

ಅಷ್ಟರಲ್ಲಿ ಕಮಲಕ್ಕ ಬಿಸಿನೀರು ತರಿಸಿ, ಬಟ್ಟೆ ಅದ್ದಿ ಹಿಂಡಿ, ಬಾಣಂತಿಯ ಸೊಂಟಕ್ಕೆ ಶಾಖ ಕೊಟ್ಟ ಹಾಗೆ ವಾಲ್ವಿಗೆ ಸುತ್ತಿದಳು. ಒಳಗಿನಿಂದ ಸುಯ್ಯೆಂದು ಉಸಿರು ಬಿಟ್ಟಂಥ ಶಬ್ದ ಬಂತು, ಕೊಳವೆ ಬೆಳ್ಳಗಾಗತೊಡಗಿತು. ಅರ್ಧ ಗಂಟೆಗೆ ಮತ್ತೆ ಕಟ್ಟಿತು, ಮತ್ತೆ ಶಾಖ. ಮೂರನೆಯ ಸಲ ಬಟ್ಟೆ ತೆಗೆದು, "ಇನ್ನು ಕಟ್ಟುವುದಿಲ್ಲ" ಎಂದಳು. ಕಟ್ಟಲಿಲ್ಲ. ಪಸೆ ಒಳಗೇ ಸುತ್ತುತ್ತಿರುವಾಗ ನಾಲ್ಕನೆಯ ಸಲ ಯಾಕೆ ಕಟ್ಟಲಿಲ್ಲ ಎಂದು ಪೊರ್ಬುಗಳು ಕೊನೆಯವರೆಗೂ ತಲೆ ಕೆರೆದುಕೊಳ್ಳುತ್ತಿದ್ದರು.

ಮೊದಲ ಅಚ್ಚಿನಿಂದ ಒಂದು ಕೆಂಪು ಕ್ಯಾಂಡಿ ತೆಗೆದು ಕಮಲಕ್ಕನ ಅಂಗೈಗೇ ಇಟ್ಟೆ. ಅವಳು ಹುಟ್ಟಿದ ಮೇಲೆ ಮಂಜುಗಡ್ಡೆ ಮುಟ್ಟಿದ್ದೇ ಆಗ. ಕಿರುಚಿ ಬೀಳಿಸುತ್ತಾಳೆಂದು ನಾವೆಲ್ಲ ನಗಲು ತಯಾರಾಗಿದ್ದೆವು. ಅವಳು ಬೀಳಿಸಲಿಲ್ಲ, ಬೆರಳು ಮಡಚಿ ಹಾಗೇ ಹಿಡಿದುಕೊಂಡಳು.

"ಹೀಗೇ ಇತ್ತು," ಎಂದಳು. "ಕರೆಯಲು ಬಂದವನು ಬಸ್ಸಿನವರೆಗೆ ನನ್ನ ಗಂಟು ಹೊತ್ತು ತಂದ. ವಾಪಸು ಕೊಡುವಾಗ ಕೈ ತಾಗಿತು. ಇಂಥದ್ದೇ ತಣ್ಣಗಿನ ಕೈ."

ಆಮೇಲೆ ಕ್ಯಾಂಡಿ ಚೀಪಿ, "ಸಿಹಿ ಸ್ವಲ್ಪ ಹೆಚ್ಚಾಯಿತು ಮಗ. ನನ್ನ ಹೆರಿಗೆಯ ಮಾಮೂಲು ಎಲ್ಲಿ?" ಎಂದಳು. ಎರಡು ಸೇರು ಅಕ್ಕಿ, ತೆಂಗಿನಕಾಯಿ, ಒಂದು ಸೀರೆ. ನಾನು ಚೌಕಾಸಿ ಮಾಡದೆ ಕೊಟ್ಟದ್ದೇ ನನ್ನ ಹೆಂಡತಿಗೆ ದೊಡ್ಡ ಪವಾಡ.

ಮರುದಿನ ಉಪ್ಪು ಬೆರೆಸಿದ ಮಂಜುಗಡ್ಡೆ, ಉಮಿ ತುಂಬಿದ ಪೆಟ್ಟಿಗೆಗಳಲ್ಲಿ ಆರುನೂರು ಕ್ಯಾಂಡಿ ಮಡಂತ್ಯಾರು ದಾಟಿ ಗಟ್ಟಿಯಾಗಿಯೇ ಮದುವೆ ಮನೆ ಸೇರಿತು. ಮೂಡಬಿದ್ರೆಯ ಬೀಗರಲ್ಲಿ ಒಬ್ಬ ಹಲ್ಲಿಲ್ಲದ ಅಜ್ಜ ನಾಲ್ಕು ತಿಂದು, ಬಿಳಿ ಶಾಲನ್ನೆಲ್ಲ ಕೆಂಪು ಮಾಡಿಕೊಂಡು, "ಇನ್ನೊಂದು ಉಂಟಾ?" ಎಂದು ಕೇಳಿದರು. ಶೆಟ್ರ ಮೀಸೆ ಇಡೀ ದಿನ ಕೆಳಗಿಳಿಯಲಿಲ್ಲ.

ಮುಂದಿನ ವಾರ ನಾನು ಕೊಕ್ಕಡಕ್ಕೆ ಹೋಗಿ ವಿಚಾರಿಸಿದೆ. ಬಸ್ಸಿನ ಕಂಡಕ್ಟರಿಗೆ ಕಮಲಕ್ಕ ಹತ್ತಿದ್ದು ಚೆನ್ನಾಗಿ ನೆನಪಿತ್ತು, ಜೊತೆಗೆ ಯಾರೂ ಇರಲಿಲ್ಲ ಎಂದ. ನನ್ನ ಯಂತ್ರ ಕೆಟ್ಟ ಸುದ್ದಿ ಆ ಊರಿಗೆ ತಲುಪಿಯೇ ಇರಲಿಲ್ಲ. ಎಷ್ಟು ಕಡೆಯಿಂದ ತೂಗಿ ನೋಡಿದರೂ ಕರೆದವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಗೊತ್ತಿರುವುದನ್ನು ಹೇಳುತ್ತೇನೆ, ಹಳೆಯ ಯಂತ್ರ ಕೊಳ್ಳುವವರು ಕೇಳಿ. ಕೊಳವೆಯ ಬಾಯಿ ತೆರೆದಿದ್ದರೆ ಬೆಲೆ ಇಳಿಸಿ, ಆದರೆ ಉಳಿದ ದುಡ್ಡನ್ನು ಒಣಗಿಸಲಿಕ್ಕೇ ಹಾಕಿ. ಮೆಕ್ಯಾನಿಕ್ಕಿನ ಹತ್ತಿರ ಸುಳ್ಳು ಹೇಳಬೇಡಿ. ನಿಲ್ಲಿಸಿ ಓಡಿಸಿದಾಗ ಹತ್ತು ನಿಮಿಷ ಸರಿಯಾಗಿ ಮತ್ತೆ ನಿಂತರೆ, ಗ್ಯಾಸ್ ತುಂಬಿಸಲು ಓಡಬೇಡಿ, ಮೊದಲು ವಾಲ್ವಿಗೆ ಶಾಖ ಕೊಟ್ಟು ನೋಡಿ. ಬೆಂಕಿ ಹಿಡಿಯಬೇಡಿ, ಕುದಿಯುವ ನೀರೂ ಬೇಡ. ದಪ್ಪ ಬಟ್ಟೆ, ಕೈ ತಾಳುವಷ್ಟು ಬಿಸಿ ಸಾಕು.