ಕುಂಕುಮ ಹಚ್ಚಿದ ರೇಕು

1984ರಲ್ಲಿ ನಾನು ಅಮೆರಿಕದ ಸ್ಯಾನ್ ಹೊಸೆ ಬಳಿಯ ಒಂದು ಸಣ್ಣ ಬೇಸ್‌ಬಾಲ್ ಮೈದಾನದಲ್ಲಿ ಗ್ರೌಂಡ್ಸ್‌ಮನ್ ಆಗಿದ್ದೆ. ಹುಬ್ಬಳ್ಳಿಯಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಹುಲ್ಲು, ನೀರು, ಮಣ್ಣಿನ ಕೆಲಸ ಒಗ್ಗಿತ್ತು. ನನ್ನ ತಮ್ಮ ಶ್ರೀಧರ ಅಲ್ಲಿನ ತಂಡದಲ್ಲೇ ಔಟ್‌ಫೀಲ್ಡರ್. ಸಂಬಳಕ್ಕೆ ಆಡತೊಡಗಿ ಎರಡನೇ ವರ್ಷ. ಔಟ್‌ಫೀಲ್ಡರ್ ಎಂದರೆ ಕ್ರಿಕೆಟ್ಟಿನಲ್ಲಿ ಬೌಂಡರಿ ಬಳಿ ನಿಲ್ಲುವವನ ಹಾಗೆ. ಆದರೆ ಇವನ ಬೆನ್ನ ಹಿಂದೆ ಇರುವುದು ಗೆರೆಯಲ್ಲ, ಮರದ ಬೇಲಿ.

ಬೇಲಿಯ ಮುಂದೆ ಜಲ್ಲಿಪುಡಿಯ ಅಗಲ ಪಟ್ಟಿ ಇರುತ್ತದೆ. ಅದಕ್ಕೆ ವಾರ್ನಿಂಗ್ ಟ್ರ್ಯಾಕ್ ಎನ್ನುತ್ತಾರೆ. ಚೆಂಡನ್ನೇ ನೋಡುತ್ತ ಓಡುವವನ ಕಾಲಡಿ ಹುಲ್ಲು ಮುಗಿದು ಜಲ್ಲಿ ಸರಕ್ಕೆಂದರೆ ಬೇಲಿ ಹತ್ತಿರ ಬಂತೆಂದು ಅರ್ಥ. ಪ್ರತಿ ಆಟಕ್ಕೆ ಮುಂಚೆ ಅದನ್ನು ಕಬ್ಬಿಣದ ಹಲ್ಲಿನ ರೇಕಿನಿಂದ ಎಳೆದು ಸಡಿಲ ಮಾಡುವುದು ನನ್ನ ಕೆಲಸ.

ಅಕ್ಟೋಬರ್ ಮೊದಲ ವಾರ, ಮೇಲಿನ ಲೀಗಿಗೆ ಆಟಗಾರರನ್ನು ಆರಿಸಲು ಒಂದು ಪಂದ್ಯ ಇಟ್ಟರು. ಅಂದೇ ಆಯುಧಪೂಜೆ. ಬೆಳಿಗ್ಗೆ ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಮೋವರು, ಪೈಪು, ರೇಕು ಸಾಲಾಗಿಟ್ಟು ಹೂವು ಏರಿಸಿದೆವು. ಶ್ರೀಧರ ತನ್ನ ಗ್ಲೌಸನ್ನೂ ಇಟ್ಟು, ಎಲ್ಲಕ್ಕೂ ತಾನೇ ಕುಂಕುಮ ಹಚ್ಚಿದ. ಪೂಜೆಯಾದ ಆಯುಧವನ್ನು ಅಂದು ಮುಟ್ಟಬಾರದೆಂದು ಅವ್ವ ಕಲಿಸಿದ್ದಳು. ಅವನು ನಗುತ್ತ ಗ್ಲೌಸು ಎತ್ತಿಕೊಂಡ.

"ದೇವರಿಗೆ ಸಾರಿ ಹೇಳೇನಿ, ಅಣ್ಣಾ. ನಂದು ಇವತ್ತೇ ಗೇಮು."

ನಾನು ರೇಕು ಎತ್ತಲಿಲ್ಲ. ನಿನ್ನೆ ಎಳೆದದ್ದೇ ಸಾಕೆಂದುಕೊಂಡೆ. ಎಳೆದ ಮೇಲೆ ಸಂಜೆ ನೀರು ಬಿಟ್ಟಿದ್ದರಿಂದ ಪಟ್ಟಿ ಗಟ್ಟಿಯಾಗಿ, ಕಾಲಡಿ ಸರಕ್ಕೆನ್ನುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು.

ಏಳನೇ ಇನ್ನಿಂಗ್ಸಿನಲ್ಲಿ ಎತ್ತರದ ಹೊಡೆತವೊಂದು ಬೇಲಿಯ ಕಡೆ ಹೋಯಿತು. ಶ್ರೀಧರ ಬೆನ್ನಟ್ಟಿ ಓಡಿದ. ಚೆಂಡು ಗ್ಲೌಸಿಗೆ ಬಿತ್ತು, ಎಸೆಯುವ ಭುಜ ಬೇಲಿಗೆ ಬಡಿಯಿತು. ಬಿದ್ದರೂ ಚೆಂಡು ಬಿಡಲಿಲ್ಲ.

ಟ್ರ್ಯಾಕ್ ಎಳೆದಿದ್ದೆಯಾ ಎಂದು ಮ್ಯಾನೇಜರ್ ಕೇಳಿದ. ಹೌದು ಎಂದೆ. ಹಾಗಾಗಿ ತಪ್ಪು ತಮ್ಮನದಾಯಿತು. ಹುಡುಗನಿಗೆ ಬೇಲಿಯ ಅಂದಾಜಿಲ್ಲ ಎಂದು ಆರಿಸಲು ಬಂದವರು ಹೊರಟುಹೋದರು. ಮುರಿದ ಭುಜ ಕೂಡಿಕೊಂಡಿತು, ಆದರೆ ಮೊದಲಿನ ಎಸೆತ ಬರಲಿಲ್ಲ. ಮುಂದಿನ ವಸಂತದಲ್ಲಿ ತಂಡ ಅವನನ್ನು ಕೈಬಿಟ್ಟಿತು. ಅವನು ಸನ್ನಿವೇಲಿನ ಶಾಲೆಯೊಂದರಲ್ಲಿ ಕೋಚ್ ಆದ.

ಐದು ವರ್ಷ ನಾನು ಬಾಯಿ ಬಿಡಲಿಲ್ಲ. 1989ರ ಆಯುಧಪೂಜೆಯ ದಿನ, ಅದೇ ಶೆಡ್ಡಿನಲ್ಲಿ, ಎಲ್ಲ ಹೇಳಿದೆ. ಪೂಜೆಗೆಂದು ಬಂದಿದ್ದ ಅವನು ಗ್ಲೌಸಿಗೆ ಎಣ್ಣೆ ಸವರುತ್ತಿದ್ದ.

"ಗೊತ್ತೈತಿ," ಎಂದ. "ಅವತ್ತು ನನ್ನ ಈ ಬಾಗಿಲ ಮುಂದಿಂದನ ಆಂಬುಲೆನ್ಸಿಗೆ ಒಯ್ದರು. ರೇಕಿನ ಮ್ಯಾಲೆ ನಾ ಹಚ್ಚಿದ ಕುಂಕುಮ ಹಂಗೇ ಇತ್ತು."

ಮತ್ತೆ ಯಾಕೆ ಹೇಳಲಿಲ್ಲ ಎಂದೆ.

"ನಿನ್ನ ಜಾಬ್ ಹೋಗ್ತಿತ್ತು. ನೀನೇ ಹೇಳ್ತಿ ಅಂತ ಕಾದೆ. ಭಾಳ ಲೇಟ್ ಮಾಡಿದಿ, ಅಣ್ಣಾ." ಗ್ಲೌಸನ್ನು ರೇಕಿನ ಪಕ್ಕ ಇಟ್ಟು, "ಆದರೂ ಕ್ಯಾಚ್ ಹಿಡದೆ, ನೋಡಿದ್ದಿಲ್ಲೋ?" ಎಂದು ನಕ್ಕ.

ನೋಡಿದ್ದೆ. ಅದಕ್ಕಿಂತ ಒಳ್ಳೆಯ ಕ್ಯಾಚನ್ನು ಆ ಮೈದಾನದಲ್ಲಿ ಮತ್ತೆ ನೋಡಲಿಲ್ಲ.

ಈಗ ನಿವೃತ್ತನಾಗಿದ್ದೇನೆ. ಶನಿವಾರ ಶ್ರೀಧರ ಆಟ ಕಲಿಸುವ ಶಾಲೆಯ ಮೈದಾನಕ್ಕೆ ಹೋಗಿ ಟ್ರ್ಯಾಕ್ ಎಳೆದು ಬರುತ್ತೇನೆ. ನೆಮ್ಮದಿಯಾಗಿದ್ದೇನೆ. ಆಯುಧಕ್ಕೆ ಮೊದಲು ಕೆಲಸ, ಹೂವು ಆಮೇಲೆ ಎಂಬುದನ್ನು ಈ ಉದ್ಯೋಗ ಕಲಿಸಿತು. ನಮ್ಮ ಮನೆಯಲ್ಲಿ ಈಗ ಪೂಜೆ ಸಂಜೆಗೆ. ಹಲ್ಲಿನಲ್ಲಿ ಮಣ್ಣು ಮೆತ್ತಿರುವ ರೇಕಿಗೇ ಕುಂಕುಮ ಹಚ್ಚುತ್ತೇವೆ.