ಆಗ್ತಾ ಇದ್ದಂಗೇ ಹೇಳು

ಮೇಡಂ ಎಡಗಾಲಿನ ಚಪ್ಪಲಿ ಎಂದೂ ಪೂರ್ತಿ ಕಾಲಿನಲ್ಲಿ ಇರುತ್ತಿರಲಿಲ್ಲ. ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಪಟಪಟ ಬಡಿಯುತ್ತಿದ್ದರು. ಹಾಸನದ ಕಾಲೇಜಿನಲ್ಲಿ ನಮಗೆ ಜಾವಾ ಪ್ರೋಗ್ರಾಮಿಂಗ್ ಕಲಿಸಿದವರು ಅವರು. ಲ್ಯಾಬಿನಲ್ಲಿ ಯಾರ ಬೆನ್ನ ಹಿಂದೆ ಆ ಸದ್ದು ಕೇಳಿತೋ ಅವರ ಪ್ರೋಗ್ರಾಂ ಕೈಕೊಟ್ಟಿದೆ ಎಂದೇ ಅರ್ಥ. ಪರದೆಯ ಮೇಲೆ ಅಕ್ಷರ ಮೂಡಿದರೆ ಮಾತ್ರ ಸದ್ದು ನಿಲ್ಲುತ್ತಿತ್ತು.

ಸುಮ್ಮನೆ ಕಾಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ದಿನಾ ಕೊಣನೂರಿನಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ತಾಯಿಗೆ ಫೋನು. "ಬಸ್ ಸಿಕ್ತು ಕಣವ್ವ." "ಅರಕಲಗೂಡು ದಾಟ್ತು ಕಣವ್ವ." "ಇಳ್ದೆ ಕಣವ್ವ." ನಾವು ಹುಡುಗಿಯರು ಕ್ಯಾಂಟೀನಿನಲ್ಲಿ "ಇಡ್ಲಿ ಬಂತು ಕಣವ್ವ" ಎಂದು ಅಣಕಿಸಿ ನಗುತ್ತಿದ್ದೆವು. ಅದು ಅವರ ಕಿವಿಗೂ ಬಿದ್ದಿತ್ತು, ಬೈಯಲಿಲ್ಲ.

ಕೊನೆಯ ವರ್ಷ ನಾನೂ ನನ್ನ ಗೆಳತಿಯೂ ಆಲೂಗೆಡ್ಡೆ ಎಲೆಯ ರೋಗ ಗುರುತಿಸುವ ಪ್ರಾಜೆಕ್ಟು ಮಾಡಿದೆವು. ಎಲೆಗಳ ಫೋಟೋ ನೋಡಿ, ಒಂದೊಂದರ ಬಗ್ಗೆಯೂ ಸಾಲು ಸಾಲು ವಿವರ ಬರೆಯುವ ಪ್ರೋಗ್ರಾಂ ಬೇರೆಯೇ ಇತ್ತು. ನಮ್ಮ ಜಾವಾ ಅದನ್ನು ಶುರುಮಾಡಿ, ಅದು ಹೇಳಿದ್ದನ್ನೆಲ್ಲ ಪರದೆಗೆ ತರಬೇಕು. ನಾಲ್ಕಾರು ಎಲೆ ಕೊಟ್ಟಾಗ ಚೆನ್ನಾಗಿಯೇ ತೋರಿಸುತ್ತಿತ್ತು. ಪರೀಕ್ಷಕರು ಬರುವ ದಿನ ಬೆಳಿಗ್ಗೆ ಇಡೀ ಹೊಲದ ಫೋಟೋಗಳನ್ನು ಕೊಟ್ಟೆವು. ಪರದೆ ಖಾಲಿ. ಎಷ್ಟು ಕಾದರೂ ಖಾಲಿ. ಇದು ನಡೆಯದಿದ್ದರೆ ನಾವಿಬ್ಬರೂ ಫೇಲು. ಅಷ್ಟರಲ್ಲಿ ಬೆನ್ನ ಹಿಂದೆ ಪಟಪಟ ಕೇಳಿತು.

"ಅದ್ನ ಶುರು ಮಾಡ್ಬುಟ್ಟು ನೀನೇನ್ ಮಾಡ್ತಾ ಇದ್ದೀಯ?"

"ಮುಗೀಲಿ ಅಂತ ಕಾಯ್ತಾ ಇದ್ದೀನಿ ಮೇಡಂ. ಮುಗಿದ್ಮೇಲೆ ಎಲ್ಲಾ ಒಟ್ಗೆ ಓದ್ಕೊತೀನಿ."

"ಅಂಗಾದ್ರೆ ಅದು ಮುಗಿಯಾಕಿಲ್ಲ ಕಣೇ! ಅದು ಸಾಲು ಸಾಲು ಹೇಳ್ತಾನೇ ಐತೆ, ನೀನು ಈಸ್ಕೊತಾ ಇಲ್ಲ. ಮಧ್ಯದ ಜಾಗ ತುಂಬೋಗಿ ಅದು ನಿನ್ನ ಕಾಯ್ತಾ ನಿಂತೈತೆ, ನೀನು ಅದ್ನ ಕಾಯ್ತಾ ಕೂತಿದ್ದೀಯ. ಓದಕ್ಕೆ ಅಂತ್ಲೇ ಪಕ್ಕದಲ್ಲೇ ಓಡೋ ಇನ್ನೊಂದು ಥ್ರೆಡ್ ಬುಡು. ಬಂದ ಸಾಲು ಬಂದಂಗೇ ತಗೊಂಡು ತೋರ್ಸು. ಎಲ್ಲಾ ಮುಗಿದ್ಮೇಲೆ ಹೇಳಿದ್ರೆ ಯಾರಿಗ್ ಬೇಕು? ಆಗ್ತಾ ಇದ್ದಂಗೇ ಹೇಳು!"

ಪರೀಕ್ಷಕರು ಬಂದೇಬಿಟ್ಟರು. ಅವರನ್ನು ಕಾಫಿಗೆ ಕೂರಿಸಿ, ಮೇಡಂ ನಡುನಡುವೆ ಎದ್ದು ಬಂದು ಲ್ಯಾಬಿನ ಬಾಗಿಲಲ್ಲಿ ಇಣುಕುತ್ತಿದ್ದರು. ಕೊನೆಗೂ ಪರದೆಯ ಮೇಲೆ ಮೊದಲ ಸಾಲು ಬಿತ್ತು: ಅಂಗಮಾರಿ ರೋಗ. ಅದರ ಕೆಳಗೆ ಇನ್ನೊಂದು, ಮತ್ತೊಂದು. ಅಷ್ಟು ಕೆಟ್ಟ ರೋಗದ ಹೆಸರು ಕಂಡು ಅಷ್ಟು ಖುಷಿಪಟ್ಟವರು ಜಿಲ್ಲೆಯಲ್ಲೇ ಇರಲಿಕ್ಕಿಲ್ಲ. ಚಪ್ಪಲಿ ಸುಮ್ಮನಾಯಿತು.

"ಯಾಕೆ ಮೇಡಂ ಅಷ್ಟು ಚಡಪಡಿಸ್ತೀರ?" ಎಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ.

"ನಾನು ಓದೋವಾಗ ನಮ್ಮಪ್ಪನ್ನ ಆಸ್ಪತ್ರೆಗೆ ಸೇರ್ಸಿದ್ರು. ನಂಗೆ ಪರೀಕ್ಷೆ ಐತೆ ಅಂತ ಯಾರೂ ಏನೂ ಹೇಳ್ಲಿಲ್ಲ. ಎಲ್ಲಾ ಮುಗಿದ್ಮೇಲೆ ಹೇಳಿದ್ರು ಕಣೇ." ಅಷ್ಟು ಹೇಳಿ ಬಸ್ಸಿನ ಕಡೆ ಓಡಿದರು.

ಹೋದ ವರ್ಷ ಮೇಡಂ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಆಸ್ಪತ್ರೆಯಿಂದಲೂ ನನಗೆ ಒಂದೊಂದೇ ಸಾಲಿನ ಮೆಸೇಜು. "ಸ್ಕ್ಯಾನ್ ಆಯ್ತು." "ಡಾಕ್ಟ್ರು ಬಂದ್ರು, ನಗ್ತಾ ಇಲ್ಲ." "ಅವ್ವ ಅಳ್ತಾ ಐತೆ, ಬೈದೆ." ಆಪರೇಷನ್ ದಿನ ಬೆಳಿಗ್ಗೆ: "ಚಪ್ಪಲಿ ಈಸ್ಕೊಂಡ್ಬುಟ್ರು ಕಣೇ." ಅದರ ಕೆಳಗೆ: "ಒಳಿಕ್ಕೆ ಕರೀತಾವ್ರೆ. ಬಂದ್ಮೇಲೆ ಹೇಳ್ತೀನಿ."

ಮೇಡಂ ಯಾವುದನ್ನಾದರೂ ಆಮೇಲೆ ಹೇಳುತ್ತೇನೆ ಎಂದದ್ದು ಅದೊಂದೇ ಸಲ. ಆಫೀಸಿನಲ್ಲಿ ಫೋನು ಮುಂದಿಟ್ಟುಕೊಂಡು ಕೂತೆ. ಮೇಜಿನ ಕೆಳಗೆ ನನ್ನ ಚಪ್ಪಲಿ ಪಟಪಟ ಬಡಿಯುತ್ತಲೇ ಇತ್ತು. ಆ ಸಾಲಿನ ಕೆಳಗೆ ಇನ್ನೊಂದು ಸಾಲು ಬರಲಿಲ್ಲ. ಸಂಜೆ ಅವರ ತಾಯಿಯ ಫೋನು ಬಂತು. "ಮುಗ್ದೋಯ್ತು ಕಣವ್ವ" ಎಂದರು.

ನಾನೀಗ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಕೆಲಸಕ್ಕೆ ಹೋಗಿಬರುತ್ತೇನೆ. ಕೊಣನೂರಿನಲ್ಲಿ ಆ ತಾಯಿ ಬೆಳಿಗ್ಗೆ ಮಗಳು ಕರೆಮಾಡುತ್ತಿದ್ದ ಹೊತ್ತಿಗೆ ಈಗಲೂ ಫೋನು ಕೈಯಲ್ಲೇ ಹಿಡಿದು ಕೂತಿರುತ್ತಾರೆ. ಸೀಟು ಸಿಗಲಿ ಬಿಡಲಿ, ಮೊದಲು ಅವರಿಗೆ ಫೋನು ಮಾಡುತ್ತೇನೆ.

"ಬಸ್ ಸಿಕ್ತು ಕಣವ್ವ."